ನಾಲ್ಕು ತಿಂಗಳು ಕಟ್ಟಿದ ಬೆಂಕಿಕಡ್ಡಿ ಗೋಳಗುಮ್ಮಟ, ಸುಡಬೇಕಂತೆ!

ಪ್ರಶ್ನೆ: ಸರ್, ನನ್ನ ಮಗ 9ನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಶುರು ಮಾಡಿ ನಾಲ್ಕು ತಿಂಗಳು ಕೂತು ಬೆಂಕಿಕಡ್ಡಿಯಲ್ಲಿ ಗೋಳಗುಮ್ಮಟ ಕಟ್ಟಿದ್ದಾನೆ. ಸುಮಾರು 5,000 ಕಡ್ಡಿ. ಕ್ರಾಫ್ಟ್ ಅಂಗಡಿಯಿಂದ ತಂದ ಮದ್ದಿಲ್ಲದ ಕಡ್ಡಿ, ಫೆವಿಕಾಲ್ ಹಾಕಿ ಅಂಟಿಸಿದ್ದು. ಈಗ ಅದನ್ನು ಟೆರೇಸ್ ಮೇಲೆ ಸುಟ್ಟು ವಿಡಿಯೋ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಫಾರಿನ್‌ನವರು ಹೀಗೆ ಕಟ್ಟಿ ಸುಡುವ ವಿಡಿಯೋಗಳನ್ನು ದಿನಾ ನೋಡ್ತಾನೆ. ನನಗಂತೂ ಹೊಟ್ಟೆ ಉರಿಯುತ್ತಿದೆ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಸುಡುವುದರಲ್ಲಿ ಏನು ಸುಖ? ಅಪಾಯ ಬೇರೆ ಅಲ್ವಾ? (ಒಬ್ಬ ತಾಯಿ, ದಾವಣಗೆರೆ)

ಉತ್ತರ: ಮೇಡಂ, ಅಪಾಯದ ಮಾತು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮಗನ ಕಿವಿಗೆ ಒಂದು ವಿಷಯ ಹಾಕಿ: ಆ ಗೋಳಗುಮ್ಮಟ ಸುಟ್ಟರೆ ವಿಡಿಯೋ ಚೆನ್ನಾಗಿ ಬರಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಅಮ್ಮನ ಸಂಕಟಕ್ಕಿಂತ ಈ ಮಾತು ಬೇಗ ನಾಟುತ್ತದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ನಿಜವಾಗಿಯೂ ಬರಲ್ಲ. ಅವನು ನೋಡುವ ವಿಡಿಯೋಗಳಲ್ಲಿ ಸರ್ರನೆ ಓಡುವ ಬೆಂಕಿ ಇದೆಯಲ್ಲ, ಅದು ಮರದ್ದಲ್ಲ, ಮದ್ದಿನದ್ದು. ನಿಮ್ಮ ಮನೆಯ ಗೋಳಗುಮ್ಮಟದಲ್ಲಿ ಮದ್ದೇ ಇಲ್ಲ.

ನಾನು ಮೂವತ್ತು ವರ್ಷ ಪಿಯು ಹುಡುಗರಿಗೆ ಕೆಮಿಸ್ಟ್ರಿ ಪಾಠ ಮಾಡಿದವನು. ಕಡ್ಡಿ ಜೋಡಿಸಿ ಸುಡುವ ಚಟ ನನಗೂ ಇತ್ತು, ಈಗಲೂ ಪೂರ್ತಿ ಬಿಟ್ಟಿಲ್ಲ. ಹಾಗಾಗಿ ನಿಮ್ಮ ಮಗನ ಪಕ್ಷವನ್ನೂ ಸ್ವಲ್ಪ ವಹಿಸಿಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಒಂದು ಬೆಂಕಿಕಡ್ಡಿ ಕೈಗೆ ತಗೊಳ್ಳಿ. ತುದಿಯ ಮದ್ದಿನಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ ಕ್ಲೋರೇಟ್. ಜೊತೆಗೆ ಗಂಧಕ, ಗಾಜಿನ ಪುಡಿ, ಅಂಟು, ಬಣ್ಣ. ರಂಜಕ ಅಲ್ಲಿಲ್ಲ, ಅದು ಪೊಟ್ಟಣದ ಪಕ್ಕದಲ್ಲಿ ನಾವು ಗೀರುವ ಪಟ್ಟಿಯಲ್ಲಿದೆ. ಹೀಗೆ ಎರಡನ್ನೂ ಬೇರೆ ಬೇರೆ ಇಡುವ ಉಪಾಯ 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಅವರಿಗೆ ಹೊಳೆಯಿತು. ಅದನ್ನು ವ್ಯಾಪಾರಕ್ಕೆ ತಂದವರು ಅಲ್ಲಿಯೇ ಯೋನ್‌ಶಾಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು. ಅದಕ್ಕೂ ಮುಂಚೆ, 1827ರಲ್ಲಿ, ಇಂಗ್ಲೆಂಡಿನ ಸ್ಟಾಕ್‌ಟನ್‌ನಲ್ಲಿ ಜಾನ್ ವಾಕರ್ ಅನ್ನುವ ಔಷಧಿ ಅಂಗಡಿಯವರು ಉಜ್ಜಿದರೆ ಹತ್ತುವ ಕಡ್ಡಿ ಮಾರಲು ಶುರು ಮಾಡಿದ್ದರು.

ಕ್ಲೋರೇಟ್ ಕೆಲಸ ಏನು ಗೊತ್ತಾ? ಬಿಸಿಯಾದರೆ ಅದು ತನ್ನೊಳಗಿನ ಆಮ್ಲಜನಕ ಬಿಡುತ್ತದೆ. ಅಂದರೆ ಮದ್ದು ಉರಿಯಲು ಹೊರಗಿನ ಗಾಳಿಗೆ ಕಾಯಬೇಕಾಗಿಲ್ಲ, ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಹಾಗಾಗಿ ಚುರ್ ಅಂತ ಒಂದೆರಡು ಸೆಕೆಂಡಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಷ್ಟರಲ್ಲಿ ತುದಿಯ ಮರಕ್ಕೆ ಹೀರಿಸಿರುವ ಮೇಣ ಹತ್ತಿಕೊಂಡು ಬೆಂಕಿಯನ್ನು ಕಡ್ಡಿಗೆ ದಾಟಿಸುತ್ತದೆ. ಕಡ್ಡಿಗೆ ಆ ಬುತ್ತಿ ಇಲ್ಲ. ಅದು ಗಾಳಿ ಸಿಕ್ಕಷ್ಟು ಮಾತ್ರ, ನಿಧಾನಕ್ಕೆ ಉರಿಯುತ್ತದೆ.

ಈಗ ಕಡ್ಡಿಗಳನ್ನು ತಲೆಗೆ ತಲೆ ತಾಗುವಂತೆ ನಿಲ್ಲಿಸಿ ಒಂದು ಮೂಲೆಗೆ ಬೆಂಕಿ ತೋರಿಸಿ. ಒಂದು ಮದ್ದಿನ ಬಿಸಿ ಪಕ್ಕದ ಮದ್ದಿಗೆ, ಅದರದ್ದು ಮುಂದಿನದಕ್ಕೆ. ಒಂದು ಸಾಲು ಅಂದುಕೊಂಡದ್ದು ಎರಡನೇ ಸೆಕೆಂಡಿಗೆ ಅಲೆ ಆಗಿರುತ್ತದೆ, ಕೆರೆಗೆ ಕಲ್ಲು ಹಾಕಿದ ಹಾಗೆ ಸುತ್ತಲೂ ಹರಡಿಕೊಳ್ಳುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ: ಕೆಲವು ಕಡೆ ಜ್ವಾಲೆ ಬಂದು ಮುಟ್ಟುವ ಮೊದಲೇ ಮುಂದಿನ ತಲೆ ಹೊಗೆಯಾಡಿ, ಉಬ್ಬಿ, ತಾನೇ ಹತ್ತಿಕೊಂಡಿರುತ್ತದೆ. ಮುಂದೆ ಓಡುವ ಬಿಸಿ ಗಾಳಿಯೇ ಅದಕ್ಕೆ ಸಾಕು. ಎಷ್ಟು ಸಲ ನೋಡಿದರೂ ನನಗೆ ಅಲ್ಲಿ ಮೈ ಜುಮ್ ಅನ್ನುತ್ತದೆ.

ತಲೆಗಳು ತಾಗಿದ್ದರೆ ಬೆಂಕಿ ಎಲ್ಲೂ ನಿಲ್ಲುವುದಿಲ್ಲ. ಸ್ವಲ್ಪ ಸಂದಿ ಬಿಟ್ಟರೆ ಒಮ್ಮೆ ದಾಟುತ್ತದೆ, ಒಮ್ಮೆ ಕೈಕೊಡುತ್ತದೆ. ಇನ್ನೂ ದೂರ ಇಟ್ಟರೆ ಮದ್ದಿನ ಆಟ ಅಲ್ಲಿಗೇ ಮುಗಿಯಿತು. 2020ರ ಮಾರ್ಚ್‌ನಲ್ಲಿ ಎಲ್ಲರ ವಾಟ್ಸಾಪ್‌ಗೂ ಒಂದು ಅನಿಮೇಷನ್ ಬಂದಿತ್ತು, ನೆನಪಿದೆಯಾ? ಸಾಲಾಗಿ ನಿಂತ ಕಡ್ಡಿಗಳು ಒಂದೊಂದಾಗಿ ಹೊತ್ತಿಕೊಂಡು ಬರುತ್ತವೆ, ನಡುವೆ ಒಂದು ಕಡ್ಡಿ ಮೆಲ್ಲಗೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಅದರ ಹಿಂದಿನವೆಲ್ಲ ಉಳಿದುಕೊಳ್ಳುತ್ತವೆ. ಕೊರೋನಾಗೆ ದೂರ ನಿಲ್ಲಿ ಅಂತ ಹೇಳಲು ಮಾಡಿದ್ದು. ಕೆಮಿಸ್ಟ್ರಿ ಲೆಕ್ಕದಲ್ಲೂ ಅದು ಸರಿಯಾಗಿಯೇ ಇತ್ತು.

ಕಟ್ಟುವಾಗಲೇ ಬೆಂಕಿ ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನ ಆಗಿರುತ್ತದೆ, ಈ ಕಲೆಯ ಗುಟ್ಟು ಇರುವುದೇ ಅಲ್ಲಿ. ಒಳ್ಳೆಯ ಕೆಲಸಗಾರ ಎಲ್ಲಿ ಹಚ್ಚಬೇಕು, ಎಲ್ಲಿ ಅಲೆ ಎರಡಾಗಿ ಒಡೆಯಬೇಕು, ಎಲ್ಲಿ ಮತ್ತೆ ಕೂಡಬೇಕು ಅಂತ ಯೋಚಿಸಿಯೇ ಒಂದೊಂದು ತಲೆ ಕೂರಿಸಿರುತ್ತಾನೆ. ಕೆಳಗಿನಿಂದ ಹಚ್ಚಿದರೆ ಬೆಂಕಿ ಹುಚ್ಚು ಕುದುರೆ ಥರ ಮೇಲಕ್ಕೆ ಓಡುತ್ತದೆ, ಬಿಸಿ ಗಾಳಿ ಮೇಲೆ ಹೋಗುತ್ತದಲ್ಲ. ಮೇಲಿನಿಂದ ಹಚ್ಚಿದರೆ ಯೋಚನೆ ಮಾಡಿ ಮಾಡಿ ಇಳಿಯುತ್ತದೆ. ನನಗೆ ಎರಡನೆಯದೇ ಇಷ್ಟ. ವಿಡಿಯೋದವರಿಗೆ ಮೊದಲನೆಯದು ಬೇಕು.

ಕೆಲವು ವರ್ಷಗಳ ಹಿಂದೆ ಅಮೆರಿಕದ ಒಬ್ಬರು 42,000 ಕಡ್ಡಿ ಅಂಟಿಸಿ ಒಂದು ಗುಂಡು ಮಾಡಿ ಸುಟ್ಟಿದ್ದರು. ನಿಮ್ಮ ಮಗ ಅದನ್ನು ಖಂಡಿತ ನೋಡಿರುತ್ತಾನೆ. ಅದರ ಚಂದ ಅಂದರೆ ಅದು ಗುಂಡಗಾಗಲು ಅಚ್ಚೇನೂ ಬೇಕಾಗಿಲ್ಲ. ಕಡ್ಡಿಗಿಂತ ತಲೆ ದಪ್ಪ, ಅಲ್ವಾ? ತಲೆಗೆ ತಲೆ, ಕಾಲಿಗೆ ಕಾಲು ತಾಗಿಸಿ ಜೋಡಿಸುತ್ತಾ ಹೋದರೆ ಸಾಲು ತಾನಾಗಿಯೇ ಬಾಗುತ್ತದೆ, ಬಾಗಿ ಬಾಗಿ ಕೊನೆಗೆ ಗೋಳವಾಗುತ್ತದೆ. ಲೆಕ್ಕ ಹಾಕಿ ನೋಡಲು ಹುಡುಗನಿಗೆ ಕೊಡಿ, ಅವನಿಗೆ ಗಣಿತ ಬರುತ್ತದೆ: ಕಡ್ಡಿ 2 ಮಿಲಿಮೀಟರ್ ದಪ್ಪ, ತಲೆ 2.7 ಮಿಲಿಮೀಟರ್, ಉದ್ದ 40 ಮಿಲಿಮೀಟರ್ ಅಂತ ಹಿಡಿದರೆ ಗೋಳದ ತ್ರಿಜ್ಯ ಸುಮಾರು 154 ಮಿಲಿಮೀಟರ್ ಬರುತ್ತದೆ. ಅಷ್ಟು ದೊಡ್ಡ ಗೋಳದ ಮೈಮೇಲೆ 2.7 ಮಿಲಿಮೀಟರಿನ ಚೌಕದಂತೆ ತಲೆ ತುಂಬಿಸಿದರೆ ಹತ್ತಿರ ಹತ್ತಿರ 41,000 ಕಡ್ಡಿ ಹಿಡಿಯುತ್ತವೆ. ಮೊದಲ ಸಲ ಈ ಲೆಕ್ಕ ಮಾಡಿ 42,000ದ ಪಕ್ಕಕ್ಕೇ ಬಂದು ನಿಂತಾಗ ನಾನು ಒಬ್ಬನೇ ಕೂತು ನಕ್ಕಿದ್ದೆ. ನಮ್ಮೂರ ಲೆಕ್ಕದಲ್ಲಿ ಪೊಟ್ಟಣಕ್ಕೆ 50 ಕಡ್ಡಿ ಅಂದರೆ 840 ಪೊಟ್ಟಣ. 2021ರ ಡಿಸೆಂಬರ್‌ನಲ್ಲಿ ಪೊಟ್ಟಣದ ಬೆಲೆ 1 ರೂಪಾಯಿಯಿಂದ 2 ಆಯಿತಲ್ಲ, ಆ ಬೆಲೆಗೆ 1,680 ರೂಪಾಯಿ. ಕಡ್ಡಿ ಅಗ್ಗ, ಕೂತು ಮಾಡುವ ತಾಳ್ಮೆಯೇ ದುಬಾರಿ.

ಒಂದು ಕಡ್ಡಿ ಪೂರ್ತಿ ಉರಿದರೆ ಸುಮಾರು 1 ಕಿಲೋಜೂಲ್ ಶಾಖ ಅಂತ ನಾವು ಕ್ಲಾಸಿನಲ್ಲಿ ಒರಟು ಲೆಕ್ಕ ಹೇಳುತ್ತೇವೆ. ಹಾಗಾದರೆ ಆ ಗುಂಡಿನೊಳಗೆ ಇದ್ದದ್ದು ನಿಮ್ಮ ಅಡುಗೆ ಸಿಲಿಂಡರಿನ ಒಂದು ಕೆಜಿಗೆ ತುಸು ಕಡಿಮೆ ಗ್ಯಾಸಿನಷ್ಟು ಶಾಖ. ಮನೆಯಲ್ಲಿ ಕೆಲವು ದಿನ ಅಡುಗೆ ಆಗುವಷ್ಟು ಬೆಂಕಿ ಒಂದೇ ಸಲಕ್ಕೆ. ಟೆರೇಸ್ ಮೇಲೆ ಹಚ್ಚುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಕಷ್ಟಪಟ್ಟು ಕಟ್ಟಿದ್ದನ್ನು ಯಾಕೆ ಸುಡುತ್ತಾರೆ ಅಂತ. ಸ್ಕಾಟ್ಲೆಂಡಿನಲ್ಲಿ ಡೇವಿಡ್ ಮ್ಯಾಕ್ ಅಂತ ಒಬ್ಬ ಶಿಲ್ಪಿ ಇದ್ದಾರೆ, 1956ರಲ್ಲಿ ಫೈಫ್ ಸೀಮೆಯ ಮೆತಿಲ್‌ನಲ್ಲಿ ಹುಟ್ಟಿದವರು. ಬಣ್ಣಬಣ್ಣದ ತಲೆಯ ಬೆಂಕಿಕಡ್ಡಿಗಳನ್ನು ಒತ್ತೊತ್ತಾಗಿ, ತಲೆ ಹೊರಗೆ ಮಾಡಿ ಕೂರಿಸಿ ಮನುಷ್ಯರ ಮುಖ, ಮುಖವಾಡ ಮಾಡುತ್ತಾರೆ. ದೂರದಿಂದ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಅಂಥ ಒಂದು ಮುಖ ಒಮ್ಮೆ ಅಕಸ್ಮಾತ್ ಹೊತ್ತಿಕೊಂಡಿತು. ಆಮೇಲಿನಿಂದ ಅವರು ಎಷ್ಟೋ ಮುಖಗಳನ್ನು ಜನರ ಎದುರಿಗೇ ಬೇಕೂಂತಲೇ ಹಚ್ಚುತ್ತಾರೆ. ಅದೇ ಪ್ರದರ್ಶನ. ಮುಖ್ಯ ವಿಷಯ ಏನಂದರೆ, ಸುಟ್ಟ ಮೇಲೆ ಅಲ್ಲಿ ಬೂದಿ ಗುಡ್ಡೆ ಉಳಿಯುವುದಿಲ್ಲ, ಅದೇ ಮುಖ ಉಳಿಯುತ್ತದೆ. ಬಣ್ಣವೆಲ್ಲ ಹೋಗಿ ಕಪ್ಪು, ಬೂದು. ಕಣ್ಣು, ಮೂಗು, ತುಟಿ ಇದ್ದಲ್ಲೇ ಇರುತ್ತವೆ, ಮನುಷ್ಯ ಮಾತ್ರ ಬೇರೆ.

ಮುಖ ಕುಸಿಯದೆ ನಿಲ್ಲುವುದಕ್ಕೂ ಕಾರಣ ಇದೆ. ಒಳಗಿನ ಕಡ್ಡಿಗಳು ಒತ್ತೊತ್ತಾಗಿರುವುದರಿಂದ ನಡುವೆ ಗಾಳಿ ಆಡುವುದಿಲ್ಲ, ಹಾಗಾಗಿ ಮೇಲಿನ ಮದ್ದು ಉರಿದು ಹೋದರೂ ಮರ ಸೀದು ಕರಿಯಾಗುತ್ತದೆ ಅಷ್ಟೆ. ಜೊತೆಗೆ ಒಳ್ಳೆಯ ಕಂಪನಿಯವರು ಕಡ್ಡಿಯನ್ನು ಅಮೋನಿಯಂ ಫಾಸ್ಫೇಟ್ ನೀರಿನಲ್ಲಿ ಅದ್ದಿರುತ್ತಾರೆ, ಆರಿಸಿದ ಮೇಲೆ ತುದಿಯಲ್ಲಿ ಕೆಂಡ ಉಳಿದು ಎಲ್ಲೋ ಬಿದ್ದು ಬೆಂಕಿ ಆಗದಿರಲಿ ಅಂತ. ನೀವೇ ಪರೀಕ್ಷೆ ಮಾಡಿ. ಒಂದು ಕಡ್ಡಿ ಹಚ್ಚಿ, ಅರ್ಧ ಉರಿದ ಮೇಲೆ ಊದಿ. ಕೆಂಪು ಕಣ್ಣು ತಕ್ಷಣ ಮುಚ್ಚಿ ಕರಿ ಕಡ್ಡಿ ಗಟ್ಟಿಯಾಗಿ ನಿಂತರೆ ಅದು ಅದ್ದಿದ ಕಡ್ಡಿ. ಕೆಂಡ ಮೆಲ್ಲಗೆ ಹರಿದಾಡುತ್ತಾ ಬೂದಿಯಾಗಿ ಉದುರಿದರೆ ಅಲ್ಲ. ಸುಟ್ಟ ಮೇಲೂ ಆಕಾರ ಉಳಿಯಬೇಕು ಅಂದರೆ ಮೊದಲನೆಯ ಜಾತಿಯದೇ ಬೇಕು. ಅಂದಹಾಗೆ ನಮ್ಮಲ್ಲಿ ಸಿಗುವ ಮೇಣದ ಕಡ್ಡಿ ಈ ಕೆಲಸಕ್ಕೆ ಬರುವುದೇ ಇಲ್ಲ, ಬಿಸಿಗೆ ಸೊಂಟ ಮುರಿದ ಹಾಗೆ ಬಗ್ಗಿಬಿಡುತ್ತದೆ.

ನಿಮ್ಮ ಮಗನ ಪಕ್ಷವನ್ನೂ ಸ್ವಲ್ಪ ವಹಿಸುತ್ತೇನೆ ಅಂತ ನಾನು ಅಂದದ್ದು ಇದಕ್ಕೇ. ಮದ್ದಿನ ಕಡ್ಡಿಯಲ್ಲಿ, ಸುಡಲಿಕ್ಕೆಂದೇ ಕಟ್ಟಿದ ಕೆಲಸ ಸುಟ್ಟಾಗಲೇ ಮುಗಿಯುವುದು. ಅದನ್ನು ಸುಡದೆ ಶೋಕೇಸಿನಲ್ಲಿ ಇಟ್ಟುಕೊಂಡರೆ ಹೊಸ ಪಟಾಕಿ ಸರವನ್ನು ಗೋಡೆಗೆ ತೂಗುಹಾಕಿ ನೋಡುತ್ತಾ ಕೂತ ಹಾಗೆ.

ಮದ್ದಿಲ್ಲದ ಕಡ್ಡಿಯದ್ದು ಬೇರೆಯೇ ದಾರಿ. ಫ್ರಾನ್ಸಿನ ರಿಚರ್ಡ್ ಪ್ಲೋ 8 ವರ್ಷ ಕೂತು 7.19 ಮೀಟರ್ ಎತ್ತರದ ಐಫೆಲ್ ಗೋಪುರ ಮಾಡಿದರು, 7,06,900 ಕಡ್ಡಿ. ಮೊದಮೊದಲು ಅಂಗಡಿಯ ಕಡ್ಡಿ ತಂದು ಒಂದೊಂದರ ತಲೆ ಕತ್ತರಿಸಿದರು. ಆಮೇಲೆ ಬೇಸತ್ತು ಕಾರ್ಖಾನೆಯಿಂದ ನೇರವಾಗಿ ತಲೆಯಿಲ್ಲದ ಕಡ್ಡಿ ತರಿಸಿಕೊಂಡರು. 2024ರಲ್ಲಿ ಗಿನ್ನೆಸ್‌ನವರು ಇದೇ ಕಾರಣ ಕೊಟ್ಟು, ಇದು ಅಂಗಡಿಯಲ್ಲಿ ಸಿಗುವ ಕಡ್ಡಿ ಅಲ್ಲ ಅಂತ ಮೊದಲು ದಾಖಲೆ ಕೊಡಲ್ಲ ಅಂದರು. ಗಲಾಟೆ ಆದ ಮೇಲೆ ತಪ್ಪು ತಿದ್ದಿಕೊಂಡು ಕೊಟ್ಟರು. ಆ ಗೋಪುರ ಸುಡುತ್ತೇನೆ ಅಂತ ಯಾರಾದರೂ ಹೊರಟರೆ ನಾನೇ ಅಡ್ಡ ಮಲಗುತ್ತೇನೆ. ಅದು ಸುಡಲು ಕಟ್ಟಿದ್ದಲ್ಲ. ನಿಮ್ಮ ಮನೆಯ ಗುಮ್ಮಟವೂ ಅದೇ ಜಾತಿಯದು.

ಹಚ್ಚಿದರೆ ಏನಾಗುತ್ತದೆ ಅಂತ ಹೇಳಲಾ? ಮೊದಲ ಒಂದೆರಡು ನಿಮಿಷ ಹತ್ತುವುದೇ ಇಲ್ಲ, ಹುಡುಗ ನಾಲ್ಕೈದು ಕಡ್ಡಿ ಗೀರುತ್ತಾನೆ. ಆಮೇಲೆ ಒಂದು ಮೂಲೆ ಹಿಡಿಯುತ್ತದೆ. ಫೆವಿಕಾಲ್ ಬಿಸಿಗೆ ಮೆತ್ತಗಾಗುವ ಅಂಟು, ಮರ ಉರಿಯುವ ಮೊದಲೇ ಅದು ಸಡಿಲ ಬಿಡುತ್ತದೆ. ಹಾಗಾಗಿ ಆ ಮೂಲೆಯ ಮಿನಾರು ಉರಿಯುವುದಕ್ಕಿಂತ ಮುಂಚೆ ಕುಡಿದವನ ಹಾಗೆ ವಾಲುತ್ತದೆ. ಒಳಗೆ ಟೊಳ್ಳಲ್ವಾ, ಗುಮ್ಮಟ ಒಲೆಯ ಚಿಮಣಿ ಆಗುತ್ತದೆ, ಬುಡದಿಂದ ಗಾಳಿ ಎಳೆದುಕೊಂಡು ಒಮ್ಮೆ ಜೋರಾಗಿ ಉರಿಯುತ್ತದೆ. ಅರ್ಧ ನಿಮಿಷಕ್ಕೆ ಗುಮ್ಮಟ ಒಳಗೆ ಕುಸಿದು, ಉಳಿದದ್ದು ಹಿತ್ತಲಿನ ಕಸ ಸುಟ್ಟ ಹಾಗೆ, ಘಾಟು ವಾಸನೆಯ ಕರಿ ಗುಡ್ಡೆ. ಅಲೆ ಇಲ್ಲ, ಕಪ್ಪು ಶಿಲ್ಪವೂ ಉಳಿಯಲ್ಲ. 1656ರಿಂದ ವಿಜಯಪುರದಲ್ಲಿ ನಿಂತಿರುವ ಗುಮ್ಮಟಕ್ಕೆ ಇಷ್ಟು ಕೆಟ್ಟ ಸಾವು ಬೇಡ.

ಒಂದು ಬೇರೆ ಊರಿನ ಪದ್ಧತಿ ಹೇಳುತ್ತೇನೆ, ಅವನಿಗೆ ಇಷ್ಟ ಆಗಬಹುದು. ಸ್ಪೇನಿನ ವೆಲೆನ್ಸಿಯಾದಲ್ಲಿ ಪ್ರತಿ ವರ್ಷ ಮಾರ್ಚ್‌ನಲ್ಲಿ ಫಾಯಾಸ್ ಹಬ್ಬ. ಕೇರಿಕೇರಿಯವರು ತಿಂಗಳುಗಟ್ಟಲೆ ದುಡಿದು ಮನೆಯೆತ್ತರದ ಗೊಂಬೆಗಳನ್ನು ಕಟ್ಟುತ್ತಾರೆ. 19ರ ರಾತ್ರಿ ಎಲ್ಲ ಸುಡುತ್ತಾರೆ, ಪಕ್ಕದ ಕಟ್ಟಡಗಳಿಗೆ ಅಗ್ನಿಶಾಮಕದವರು ನೀರು ಹೊಡೆಯುತ್ತಾ ನಿಂತಿರುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹೋಳಿಯಲ್ಲಿ ಹುಡುಗರು ಕಟ್ಟಿಗೆ ಕದ್ದು ತಂದು ಒಟ್ಟಿ ಕಾಮಣ್ಣನನ್ನು ಸುಡುತ್ತಾರಲ್ಲ, ಅದನ್ನು ನೋಡಿದವರಿಗೆ ಆ ರಾತ್ರಿಯ ಹುಮ್ಮಸ್ಸು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವೆಲೆನ್ಸಿಯಾದಲ್ಲಿ 1934ರಿಂದ ಇನ್ನೊಂದು ನಿಯಮ ಇದೆ: ಜನ ಓಟು ಹಾಕಿ ಒಂದು ಗೊಂಬೆಗೆ ಕ್ಷಮಾದಾನ ಕೊಡುತ್ತಾರೆ, ಅದು ಬೆಂಕಿಗೆ ಹೋಗುವುದಿಲ್ಲ, ಮ್ಯೂಸಿಯಂಗೆ ಹೋಗುತ್ತದೆ. ಮನೆಯಲ್ಲಿ ಓಟು ಮಾಡಿ ನೋಡಿ. ಅಜ್ಜಿ ಯಾರ ಕಡೆ ಅಂತ ಮೊದಲೇ ವಿಚಾರಿಸಿಕೊಂಡು ಮಾಡಿ.

ಬೆಂಕಿ ಬೇಕೇ ಬೇಕು ಅಂದರೆ ಅದಕ್ಕೂ ದಾರಿ ಇದೆ. 200 ಮದ್ದಿನ ಕಡ್ಡಿ ಸಾಕು, ಮರದ್ದು. ಒಂದು ಮಂಗಳೂರು ಹೆಂಚಿನ ಮೇಲೆ ಹಸಿ ಜೇಡಿಮಣ್ಣು ಹರಡಿ, ಗಣೇಶನಿಗೆ ತರುತ್ತೀರಲ್ಲ ಅದೇ, ಅದರಲ್ಲಿ ಕಡ್ಡಿಗಳನ್ನು ತಲೆ ಮೇಲೆ ಮಾಡಿ ನೆಡಲಿ. ಅಂಟೇ ಬೇಡ. ಸುರುಳಿ ನೆಡಬಹುದು, ತನ್ನ ಹೆಸರಿನ ಅಕ್ಷರ ನೆಡಬಹುದು, ಒಂದು ಕಡೆ ತಾಗಿಸಿ ಇನ್ನೊಂದು ಕಡೆ ಸಂದಿ ಬಿಟ್ಟು ಬೆಂಕಿ ಎಲ್ಲಿ ನಿಲ್ಲುತ್ತದೆ ಅಂತ ನೋಡಬಹುದು. ಸುರುಳಿ ಮಾಡಿದರೆ ಒಳಸುತ್ತಿಗೂ ಹೊರಸುತ್ತಿಗೂ ನಡುವೆ ಜಾಸ್ತಿ ಜಾಗ ಬಿಡಬೇಕು, ಇಲ್ಲದಿದ್ದರೆ ಬೆಂಕಿ ಸುತ್ತು ಹೊಡೆಯುವ ಬದಲು ಅಡ್ಡ ಹಾರಿ ಐದು ಸೆಕೆಂಡಿಗೆ ಆಟ ಮುಗಿಸುತ್ತದೆ. ನನ್ನ ಮೊದಲ ಮೂರು ಸುರುಳಿ ಹೋದದ್ದೇ ಹಾಗೆ.

ಹೆಂಚು ಯಾಕೆ ಅಂದೆ ಅಂದರೆ ಅದರ ಹಿಂದೆ ನನ್ನದೊಂದು ಮಾನ ಹೋದ ಕಥೆ ಇದೆ. ಒಂದು ಕಾಲೇಜಿನ ಸೈನ್ಸ್ ಡೇ ದಿನ ಪ್ಲೈವುಡ್ ಹಲಗೆಯ ಮೇಲೆ 3,000 ಕಡ್ಡಿ ನೆಟ್ಟು ಲ್ಯಾಬಿನ ಒಳಗೇ ಹಚ್ಚಿದೆ. ಬಯಲಿನಲ್ಲಿ ಗಾಳಿ, ಇಲ್ಲಿ ಸರಿ ಅಂದುಕೊಂಡಿದ್ದೆ. ಅಲೆ ಬಹಳ ಚೆನ್ನಾಗಿ ಹೋಯಿತು, ಹುಡುಗರು ಶಿಳ್ಳೆ ಹೊಡೆದರು, ನಾಲ್ಕನೇ ಸೆಕೆಂಡಿಗೆ ಗಂಧಕದ ಹೊಗೆ ಕೋಣೆ ತುಂಬಿ ಎಲ್ಲರೂ ಕೆಮ್ಮುತ್ತಾ ಬಾಗಿಲ ಕಡೆ ಓಡಿದರು. ವಾಪಸ್ ಬಂದು ನೋಡಿದರೆ ಹಲಗೆ ತೂತು ಬಿದ್ದು ಕೆಳಗಿನ ಮೇಜೂ ಸುಟ್ಟಿತ್ತು. ಮೇಜಿನ ದುಡ್ಡು ಸಂಬಳದಲ್ಲಿ ಹಿಡಿದರು. ನ್ಯಾಯವೇ.

ಹಾಗಾಗಿ ಮನೆಯೊಳಗೆ ಖಂಡಿತ ಬೇಡ. ಟೆರೇಸ್ ಆದರೆ ಸಿಂಟೆಕ್ಸ್ ಟ್ಯಾಂಕು, ಒಣಗಿಹಾಕಿದ ಬಟ್ಟೆ, ಡಿಶ್ ವೈರು ಇವುಗಳಿಂದ ದೂರ. ಮೈಮೇಲೆ ಹತ್ತಿ ಬಟ್ಟೆ, ನೈಲಾನ್ ಟೀ ಶರ್ಟ್ ಬೇಡ. ಹಚ್ಚಲು ಉದ್ದನೆಯ ಊದುಬತ್ತಿ ಕೊಡಿ, ಆಗ ಕೈ ದೂರ ಇರುತ್ತದೆ. ಫೋನು ಸ್ಟ್ಯಾಂಡಿನಲ್ಲಿರಲಿ, ಕೈಯಲ್ಲಿ ಹಿಡಿದವರು ಚೆನ್ನಾಗಿ ಕಾಣಲಿ ಅಂತ ಮುಖವನ್ನೇ ಬಗ್ಗಿಸುತ್ತಾರೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಅದರ ಪಕ್ಕದಲ್ಲಿ ನೀವು. ಊದಿ ಆರಿಸಬಹುದು ಅಂದುಕೊಳ್ಳಬೇಡಿ, ಮದ್ದಿಗೆ ತನ್ನದೇ ಆಮ್ಲಜನಕ ಇದೆ ಅಂದೆನಲ್ಲ, ಊದಿದರೆ ಅದು ಕೇಳಲ್ಲ. ನೀರೇ ಸುರಿಯಬೇಕು. ಎಲ್ಲ ಆರಿದ ಹಾಗೆ ಕಂಡರೂ ನೀರು ಹಾಕಿಯೇ ಕೆಳಗೆ ಇಳಿಯಿರಿ.

ಜೋಡಿಸುವಾಗ ಖಾಲಿ ಪೊಟ್ಟಣಗಳು ಮೇಜಿನ ಮೇಲೆ ಇರಬಾರದು. ಗೀರುಪಟ್ಟಿಯ ಪುಡಿ ಉದುರಿ ಕಡ್ಡಿತಲೆಗೆ ತಾಗಿದರೆ ಒಂದು ಉಜ್ಜು ಸಾಕು, ಮಧ್ಯಾಹ್ನದ ಕೆಲಸ ಮಧ್ಯಾಹ್ನವೇ ಸುಟ್ಟುಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡಲ್ಲ. ಮದ್ದನ್ನು ಕೆರೆದು ಪುಡಿ ಮಾಡುವುದು, ಯಾವುದಾದರೂ ಡಬ್ಬಿಗೋ ಕೊಳವೆಗೋ ತುಂಬುವುದು, ಇದನ್ನು ಅವನು ಯಾವ ವಿಡಿಯೋದಲ್ಲಿ ನೋಡಿದ್ದರೂ ಮಾಡಕೂಡದು. ಕ್ಲೋರೇಟ್ ಮತ್ತು ಗಂಧಕ ಸೇರಿದ ಮಿಶ್ರಣ ಎಷ್ಟು ಸಿಡುಕಿನದು ಅಂದರೆ ನಮ್ಮ ದೇಶದಲ್ಲಿ 1992ರಿಂದ ಪಟಾಕಿಯಲ್ಲಿ ಅದನ್ನು ಬಳಸುವುದೇ ನಿಷೇಧ. ಕಡ್ಡಿಯ ತುದಿಯಲ್ಲಿ ಚೂರೇ ಚೂರು, ಅಂಟಿನಲ್ಲಿ ಕಟ್ಟಿಹಾಕಿ ಇಟ್ಟಿರುವುದರಿಂದ ಅದು ನಮ್ಮ ಅಡುಗೆಮನೆಯಲ್ಲಿ ಸಾಧುವಾಗಿ ಇದೆ. ಬಿಡಿಸಿದರೆ ಬೆರಳು, ಕಣ್ಣು ಎರಡೂ ಹೋಗುತ್ತವೆ.

ಗೋಳಗುಮ್ಮಟಕ್ಕೆ ಓಟಿನಲ್ಲಿ ಕ್ಷಮಾದಾನ ಸಿಕ್ಕರೆ ಒಂದು ಗಾಜಿನ ಪೆಟ್ಟಿಗೆ ಮಾಡಿಸಿ. ಬುಡದಲ್ಲಿ ಗಾಳಿ ಆಡಲು ಸ್ವಲ್ಪ ಸಂದಿ ಬಿಡಲು ಹೇಳಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಫೆವಿಕಾಲ್ ತೇವ ಎಳೆದುಕೊಂಡು ಮಿನಾರುಗಳು ಬೆಂಕಿ ಇಲ್ಲದೆಯೇ ವಾಲುತ್ತವೆ. ಬಿಸಿಲು ಬೀಳುವ ಕಿಟಕಿ ಪಕ್ಕವೂ ಬೇಡ. ಹೆಂಚಿನ ಮೇಲೆ ಸುರುಳಿ ಮಾಡಿದರೆ ವಿಡಿಯೋ ನನಗೂ ಕಳಿಸಲು ಹೇಳಿ, ಬೆಂಕಿ ಅಡ್ಡ ಹಾರಿತಾ ಇಲ್ಲವಾ ನೋಡಬೇಕು.